ಪೂಲ್ಡ್ ಟ್ರಸ್ಟ್‌ನಿಂದ ಬಾಡಿಗೆ, ಕರೆಂಟ್ ಬಿಲ್ ಕಟ್ಟಿ ಮೆಡಿಕೇಡ್ ಉಳಿಸಿಕೊಳ್ಳುವುದು: ನ್ಯೂಯಾರ್ಕ್ ಲೆಕ್ಕ

ಫ್ಲಶಿಂಗ್ ಫೈಲು:
ಅಪ್ಪ-ಅಮ್ಮನ ಮೆಡಿಕೇಡ್‌ನಲ್ಲಿ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ನೆರವು) "ಸರ್‌ಪ್ಲಸ್" ಬಂದಿದೆ, ಏನು ಮಾಡೋದು ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಉತ್ತರ ಹತ್ತು ಕಡೆ ಚದುರಿ ಹೋಗಿದೆ. ಅದಕ್ಕೇ ಈ ಎಳೆ. ಇಲ್ಲಿರುವುದು ನ್ಯೂಯಾರ್ಕ್ ರಾಜ್ಯದ ಮಾತು ಮಾತ್ರ. ಹಡ್ಸನ್ ನದಿ ದಾಟಿದರೆ ಕಾನೂನು ಬೇರೆ, ಅದನ್ನು ಜರ್ಸಿಯವರು ಯಾರಾದರೂ ಹೇಳಲಿ.

65 ದಾಟಿದವರಿಗೆ ಅಥವಾ ಅಂಗವೈಕಲ್ಯ ಇರುವವರಿಗೆ ಮನೆಯಲ್ಲಿ ನೋಡಿಕೊಳ್ಳುವ ಸಹಾಯಕರು ಬೇಕೆಂದರೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೈ ಕೊಡುತ್ತದೆ, ಅದು ಮೆಡಿಕೇಡ್‌ನ ಕೆಲಸ. ಮೆಡಿಕೇಡ್‌ಗೆ ಆದಾಯದ ಗೆರೆ ಇದೆ. 2025ರಲ್ಲಿ ಒಬ್ಬರಿಗೆ ತಿಂಗಳಿಗೆ 1,800 ಡಾಲರ್, ಗಂಡ ಹೆಂಡತಿ ಇಬ್ಬರಿಗೂ ಸೇರಿ 2,433. ಉಳಿತಾಯದ ಗೆರೆ ಒಬ್ಬರಿಗೆ 32,396, ಇಬ್ಬರಿಗೆ 43,781. ಆದಾಯ ಗೆರೆ ದಾಟಿತು ಅಂದರೆ ಅರ್ಜಿ ವಜಾ ಆಗುವುದಿಲ್ಲ. ದಾಟಿದಷ್ಟು ಹಣವನ್ನು ಪ್ರತಿ ತಿಂಗಳು ವೈದ್ಯಕೀಯ ಖರ್ಚಿಗೆ ನೀವೇ ಹಾಕಿ ಅನ್ನುತ್ತಾರೆ. ಕಾಗದದಲ್ಲಿ ಇದಕ್ಕೆ ಎಕ್ಸೆಸ್ ಇನ್‌ಕಮ್ ಎಂದು ಹೆಸರು, ಬಾಯಿಮಾತಿನಲ್ಲಿ ಸ್ಪೆಂಡ್‌ಡೌನ್ ಅಥವಾ ಸರ್‌ಪ್ಲಸ್.

2025ರ ದರಗಳಲ್ಲಿ ಒಂದು ಲೆಕ್ಕ ಹಾಕೋಣ. ಒಂಟಿ ಹಿರಿಯರು, ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ನಿವೃತ್ತಿ ಹಣ) 2,640, ಹಳೆ ಕಂಪನಿಯ ಪಿಂಚಣಿ 360, ಒಟ್ಟು 3,000. ಎಲ್ಲರಿಗೂ ಕೊಡುವ 20 ಡಾಲರ್ ವಿನಾಯಿತಿ ಕಳೆದರೆ 2,980. ಮೆಡಿಕೇರ್ ಪಾರ್ಟ್ ಬಿ (ವೈದ್ಯರ ಖರ್ಚು ನೋಡುವ ಭಾಗ) ಕಂತು 185 ಕಳೆಯಿರಿ, 2,795. ಮೆಡಿಗ್ಯಾಪ್ (ಮೆಡಿಕೇರ್ ಬಿಟ್ಟ ಖರ್ಚಿಗೆ ಖಾಸಗಿ ವಿಮೆ) ಕಂತು 295 ಕಳೆಯಿರಿ, 2,500. ಗೆರೆ 1,800. ಮಿಕ್ಕ 700 ಡಾಲರ್ ಸರ್‌ಪ್ಲಸ್.

ಕ್ವೀನ್ಸ್‌ನಲ್ಲಿ 1,400 ಬಾಡಿಗೆ ಕೊಟ್ಟು ಬದುಕುವವರು ಈ 700 ಕೈಬಿಟ್ಟರೆ ತಿಂಗಳು ನಡೆಯುವುದಿಲ್ಲ. ಪೂಲ್ಡ್ ಟ್ರಸ್ಟ್ ಬೇಕಾಗುವುದು ಇಲ್ಲೇ. 700 ಡಾಲರ್ ಪ್ರತಿ ತಿಂಗಳು ಟ್ರಸ್ಟ್‌ಗೆ ಹೋಗುತ್ತದೆ, ಮೆಡಿಕೇಡ್ ಅದನ್ನು ಆದಾಯ ಎಂದು ಎಣಿಸುವುದಿಲ್ಲ, ಟ್ರಸ್ಟ್ ಆ ದುಡ್ಡಿನಲ್ಲಿ ಅವರ ಬಾಡಿಗೆ, ಕರೆಂಟು, ಫೋನ್ ಬಿಲ್ ಕಟ್ಟುತ್ತದೆ.

1993ರ ಫೆಡರಲ್ ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. ಟ್ರಸ್ಟ್ ನಡೆಸುವುದು ಲಾಭರಹಿತ ಸಂಸ್ಥೆಯೇ ಆಗಿರಬೇಕು. ಹೂಡಿಕೆಗೆ ಎಲ್ಲರ ದುಡ್ಡು ಒಂದೇ ರಾಶಿ, ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ. ನೈಸಾರ್ಕ್, ಲೈಫ್ಸ್ ವರ್ಕ್ ಇಂಥ ಹಲವು ಸಂಸ್ಥೆಗಳಿವೆ. ಸೇರುವಾಗಿನ ಶುಲ್ಕ, ತಿಂಗಳ ಶುಲ್ಕ, ಕನಿಷ್ಠ ಠೇವಣಿ, ಬಿಲ್ ಕಟ್ಟಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ, ಈ ನಾಲ್ಕನ್ನು ಮೂರು ಕಡೆಯಾದರೂ ಕೇಳಿ. ನಾಲ್ಕನೆಯದೇ ಮುಖ್ಯ. ಐದು ಡಾಲರ್ ಶುಲ್ಕ ಉಳಿಸಲು ಹೋಗಿ ಬಾಡಿಗೆ ಹತ್ತು ದಿನ ತಡವಾದರೆ ಮನೆ ಮಾಲೀಕನ ಲೇಟ್ ಫೀ ಅದನ್ನು ನುಂಗುತ್ತದೆ.

ರಾಗಿಮುದ್ದೆ:
ಎರಡು ಪ್ರಶ್ನೆ ಸರ್. ಒಂದು, ಟ್ರಸ್ಟ್‌ಗೆ ಅಂಗವೈಕಲ್ಯ ಇರಬೇಕು ಅಂತಾರಲ್ಲ, 80 ದಾಟಿದ ಮೇಲೂ ಅದನ್ನು ಬೇರೆಯಾಗಿ ಸಾಬೀತು ಮಾಡಬೇಕಾ? ಎರಡು, ಪಾರ್ಟ್ ಬಿ ಕಂತು ಎಲ್ಲರಿಗೂ ಕಳೆಯಬಹುದಾ?

ಫ್ಲಶಿಂಗ್ ಫೈಲು:
ಎರಡನೆಯದಕ್ಕೆ ಮೊದಲು ಉತ್ತರ. ಆ ಕಂತನ್ನು ಅವರ ಜೇಬಿನಿಂದ ಕಟ್ಟುತ್ತಿದ್ದರೆ ಮಾತ್ರ. ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ ಮೂಲಕ ರಾಜ್ಯವೇ ಕಟ್ಟುತ್ತಿದ್ದರೆ ಕಳೆಯುವ ಹಾಗಿಲ್ಲ.

ಮೊದಲನೆಯದಕ್ಕೆ, ಹೌದು, ಮಾಡಬೇಕು. ವಯಸ್ಸಾಗಿದೆ ಎಂಬುದು ಕಾನೂನಿನ ಕಣ್ಣಿಗೆ ಅಂಗವೈಕಲ್ಯವಲ್ಲ. 65ಕ್ಕೆ ಮೊದಲೇ ಸೋಶಿಯಲ್ ಸೆಕ್ಯುರಿಟಿಯವರು ಡಿಸೆಬಿಲಿಟಿ ಮಂಜೂರು ಮಾಡಿದ್ದರೆ ಆ ಪತ್ರ ಇಟ್ಟರೆ ಸಾಕು. ಉಳಿದವರ ಕಾಗದ ರಾಜ್ಯದ ಡಿಸೆಬಿಲಿಟಿ ರಿವ್ಯೂ ತಂಡಕ್ಕೆ ಹೋಗುತ್ತದೆ. ಫಾರ್ಮ್ ಮೂರು: ಡಿಒಎಚ್-5139 ಪ್ರಶ್ನಾವಳಿ, ಇದನ್ನು ನೀವು ತುಂಬಬೇಕು. ಡಿಒಎಚ್-5143 ವೈದ್ಯರ ವರದಿ. ಡಿಒಎಚ್-5173 ದಾಖಲೆ ಬಿಡುಗಡೆಗೆ ಒಪ್ಪಿಗೆ, ಒಂದೊಂದು ಆಸ್ಪತ್ರೆಗೆ ಒಂದೊಂದು ಪ್ರತಿ ಸಹಿ ಮಾಡಿಡಿ.

ಫೈಲು ಬಿದ್ದುಹೋಗುವುದು ಹೆಚ್ಚಾಗಿ 5143ರಲ್ಲಿ. ವೈದ್ಯರು ಅವಸರದಲ್ಲಿ "ಸಂಧಿವಾತ, ವಯೋಸಹಜ ನಿಶ್ಶಕ್ತಿ" ಎಂದು ಗೀಚಿ ಸಹಿ ಹಾಕಿಬಿಡುತ್ತಾರೆ. ತಂಡದವರಿಗೆ ರೋಗದ ಹೆಸರು ಸಾಲದು, ಆ ರೋಗದಿಂದ ಏನು ಮಾಡಲಾಗುವುದಿಲ್ಲ ಎಂಬುದು ಬೇಕು. ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ದೂರ ನಡೆಯಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಮರೆವು ಇದ್ದರೆ ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ, ರೋಗ ಯಾವಾಗ ಶುರುವಾಯಿತು. ಜೊತೆಗೆ ಎಕ್ಸ್‌ರೇ, ಎಂಆರ್‌ಐ ವರದಿ, ಔಷಧಿಗಳ ಪಟ್ಟಿ, ಕಳೆದ ಒಂದು ವರ್ಷದ ವಿಸಿಟ್ ನೋಟ್ಸ್. ಪೋರ್ಟಲ್‌ನಿಂದ ನೀವೇ ಇಳಿಸಿಕೊಂಡು ಲಗತ್ತಿಸಿ. ಕಚೇರಿಯವರು ತರಿಸಿಕೊಳ್ಳಲಿ ಎಂದು ಕೂತರೆ ತಿಂಗಳುಗಳು ಉರುಳುತ್ತವೆ.

ಲೆಕ್ಕದ ಶಾನುಭೋಗ:
ಹೆಸರಿನ ವಿಷಯ ಸೇರಿಸುತ್ತೇನೆ, ನಮ್ಮವರಿಗೆ ಇದು ತಪ್ಪಿದ್ದಲ್ಲ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ತಂದೆ ಹೆಸರು ಪೂರ್ತಿ. ಮೆಡಿಕೇರ್ ಕಾರ್ಡ್‌ನಲ್ಲಿ ತಂದೆಯ ಹೆಸರೇ ಸರ್‌ನೇಮ್. ಬ್ಯಾಂಕ್‌ನಲ್ಲಿ ಇನಿಷಿಯಲ್ ಮಾತ್ರ. ಟ್ರಸ್ಟ್‌ಗೆ ಸೇರುವ ಜಾಯಿಂಡರ್ ಅಗ್ರಿಮೆಂಟ್‌ನಲ್ಲಿ ಮೆಡಿಕೇಡ್ ಕಾರ್ಡ್‌ನಲ್ಲಿ ಹೇಗಿದೆಯೋ ಹಾಗೇ, ಅಕ್ಷರ ಅಕ್ಷರ ಬರೆಯಿರಿ, ಪಕ್ಕದಲ್ಲಿ ಮೆಡಿಕೇಡ್ ಸಿಐಎನ್ (ಗುರುತಿನ) ಸಂಖ್ಯೆ ಹಾಕಿ. ಕಳುಹಿಸುವ ಪ್ರತಿ ಪುಟದ ತುದಿಯಲ್ಲೂ ಆ ಸಂಖ್ಯೆ ಇರಲಿ. ಫ್ಯಾಕ್ಸ್‌ನಲ್ಲಿ ಪುಟ ಬೇರ್ಪಟ್ಟರೂ ಗುರುತು ಸಿಗುತ್ತದೆ.

ಇನ್ನು ದಿನಾಂಕದ ಲೆಕ್ಕ. ಯಾವ ತಿಂಗಳ ಸರ್‌ಪ್ಲಸ್ಸೋ ಆ ತಿಂಗಳೊಳಗೇ ಟ್ರಸ್ಟ್‌ಗೆ ಸೇರಬೇಕು. ಸೋಶಿಯಲ್ ಸೆಕ್ಯುರಿಟಿ ಬರುವುದು ಹುಟ್ಟಿದ ತಾರೀಖಿನ ಮೇಲೆ: 1ರಿಂದ 10 ಎರಡನೇ ಬುಧವಾರ, 11ರಿಂದ 20 ಮೂರನೇ ಬುಧವಾರ, 21ರ ಮೇಲೆ ನಾಲ್ಕನೇ ಬುಧವಾರ. 1997ರ ಮೇ ತಿಂಗಳಿಗೂ ಮುಂಚಿನಿಂದ ಪಡೆಯುತ್ತಿರುವವರಿಗೆ 3ನೇ ತಾರೀಖು. ಈಗ 27ರಂದು ಹುಟ್ಟಿದವರನ್ನು ತೆಗೆದುಕೊಳ್ಳಿ. 2025ರ ಮೇನಲ್ಲಿ ನಾಲ್ಕನೇ ಬುಧವಾರ ಬಿದ್ದದ್ದು 28ಕ್ಕೆ. 31 ಶನಿವಾರ. ಅಂದರೆ ಕೈಯಲ್ಲಿ ಉಳಿದದ್ದು ಗುರುವಾರ, ಶುಕ್ರವಾರ ಎರಡೇ ದಿನ. ಅಂಚೆಗೆ ಚೆಕ್ ಹಾಕಿದರೆ ಅದು ಜೂನ್‌ನಲ್ಲಿ ಜಮಾ ಆಗುತ್ತದೆ. ಕಾಗದದ ಮೇಲೆ ಮೇ ಖಾಲಿ, ಜೂನ್‌ನಲ್ಲಿ ಎರಡು ಕಂತು. ನವೀಕರಣದ ಹೊತ್ತಿಗೆ ಪರಿಶೀಲಿಸುವವರು ಮೇ ತಿಂಗಳ 700ಕ್ಕೆ ಕೈ ತೋರಿಸುತ್ತಾರೆ.

ಪರಿಹಾರ ಸುಲಭ. ಬಂದ ಅದೇ ಡಾಲರನ್ನೇ ಹಾಕಬೇಕೆಂದಿಲ್ಲ. ಖಾತೆಯಲ್ಲಿ ಒಂದು ತಿಂಗಳ ಕಂತಿನಷ್ಟು ಉಳಿತಾಯ ಯಾವಾಗಲೂ ಇಟ್ಟುಕೊಂಡು, ಟ್ರಸ್ಟ್‌ಗೆ ಪ್ರತಿ ತಿಂಗಳು 5 ಅಥವಾ 10ಕ್ಕೆ ಆಟೊ ಡೆಬಿಟ್ ಬರೆದುಕೊಡಿ. ಉಳಿತಾಯದ ಗೆರೆ 32,396 ಇರುವಾಗ 700 ಡಾಲರ್ ಕುಳಿತಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ತುಂಗಾತೀರ:
ಶಾನುಭೋಗರು ಹೇಳಿದ್ದು ಒಳಗೆ ಹೋಗುವ ಹಣದ ಕಥೆ. ಹೊರಗೆ ಬರುವ ಹಣದಲ್ಲೂ ಅಷ್ಟೇ ಎಡವಟ್ಟಾಗುತ್ತದೆ.

ಮೊದಲ ಸೂತ್ರ: ಟ್ರಸ್ಟ್ ಫಲಾನುಭವಿಯ ಕೈಗೆ ನಗದು ಕೊಡುವುದಿಲ್ಲ. ಕೊಟ್ಟರೆ ಅದು ಮತ್ತೆ ಆದಾಯವಾಗಿಬಿಡುತ್ತದೆ. ಬಿಲ್ ಕೊಟ್ಟವನಿಗೇ ನೇರ ಪಾವತಿ. ಮನೆ ಮಾಲೀಕ, ಕರೆಂಟ್ ಕಂಪನಿ, ಫೋನ್ ಕಂಪನಿ, ಔಷಧಿ ಅಂಗಡಿ.

ಮೇಲಿನ 700ರ ಉದಾಹರಣೆಯನ್ನೇ ಮುಂದುವರಿಸೋಣ. ತಿಂಗಳ ಶುಲ್ಕ 35 ಎಂದು ಹಿಡಿಯಿರಿ, ಖರ್ಚಿಗೆ 665. ಬಾಡಿಗೆ 1,400ರಲ್ಲಿ 600 ಟ್ರಸ್ಟ್ ಕಟ್ಟಲಿ, 800 ಅವರದೇ ಬ್ಯಾಂಕ್ ಚೆಕ್. ಉಳಿದ 65 ಫೋನ್, ಇಂಟರ್‌ನೆಟ್‌ಗೆ. ಬಾಡಿಗೆಯಂಥ ಖಾಯಂ ಖರ್ಚಿಗೆ ಒಂದೇ ಸಲ ರಿಕರಿಂಗ್ ಕೋರಿಕೆ ಹಾಕಿದರೆ ಪ್ರತಿ ತಿಂಗಳು ಫಾರ್ಮ್ ಕಳುಹಿಸುವ ರಗಳೆ ಇಲ್ಲ. ಲೀಸ್ ಪ್ರತಿ, ಮಾಲೀಕರ ಹೆಸರು ವಿಳಾಸ, ಅವರು ತುಂಬಿಕೊಟ್ಟ ಡಬ್ಲ್ಯೂ-9 (ತೆರಿಗೆ ಗುರುತಿನ ಸಂಖ್ಯೆಯ ಫಾರ್ಮ್) ಕೇಳುತ್ತಾರೆ. ಮಾಲೀಕರಿಗೆ ಮೊದಲೇ ತಿಳಿಸಿ: ಇನ್ನು ಮುಂದೆ ಎರಡು ಚೆಕ್ ಬರುತ್ತವೆ, ಒಂದರ ಮೇಲೆ ಬಾಡಿಗೆದಾರರ ಹೆಸರು ಇರುವುದಿಲ್ಲ, ಮೆಮೊ ಸಾಲಿನಲ್ಲಿ ಮಾತ್ರ ಇರುತ್ತದೆ ಎಂದು. ಹೇಳದೆ ಬಿಟ್ಟರೆ ಯಾರದೋ ಚೆಕ್ ಎಂದು ವಾಪಸ್ ಕಳುಹಿಸುತ್ತಾರೆ, ಅಥವಾ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ.

ಮಗ ಸೊಸೆಯ ಜೊತೆ ಇರುವವರ ವಿಷಯ ಬೇರೆ. ಕಾನ್ ಎಡಿಸನ್ ಕಂಪನಿಯ ಕರೆಂಟ್ ಬಿಲ್ ಮಗನ ಹೆಸರಿನಲ್ಲಿರುತ್ತದೆ. ಅದನ್ನು ಹಾಗೇ ಕಳುಹಿಸಿದರೆ ತಿರಸ್ಕಾರ, ಯಾಕೆಂದರೆ ಟ್ರಸ್ಟ್‌ನ ಹಣ ಕೇವಲ ಫಲಾನುಭವಿಯ ಹಿತಕ್ಕೆ. ಮನೆಯಲ್ಲಿ ನಾಲ್ಕು ಜನ, ಬಿಲ್ 186.40 ಇದ್ದರೆ ತಾಯಿಯ ಪಾಲು 46.60. ಕೋರಿಕೆಯಲ್ಲಿ ಅಷ್ಟನ್ನೇ ಬರೆದು, ಮನೆಯಲ್ಲಿ ಎಷ್ಟು ಜನ, ಪಾಲು ಹೇಗೆ ಹಂಚಿದ್ದು ಎಂದು ಒಂದು ಸಹಿ ಮಾಡಿದ ಪತ್ರ ಇಡಿ. ಬಿಲ್‌ನ ಮೊದಲ ಪುಟ ಪೂರ್ತಿ ಬೇಕು: ಖಾತೆ ಸಂಖ್ಯೆ, ಸೇವಾ ವಿಳಾಸ, ಕಡೇ ದಿನ. ಫೋನ್‌ನಲ್ಲಿ ಫೋಟೊ ತೆಗೆಯುವಾಗ ಕೆಳಗಿನ ಹರಿದು ಕಳುಹಿಸುವ ಚೀಟಿ ಬಿಟ್ಟುಹೋಗುತ್ತದೆ, ಪಾವತಿ ವಿಳಾಸ ಇರುವುದು ಅಲ್ಲೇ.

ರಾಗಿಮುದ್ದೆ:
ಮಗನಿಗೇ ಬಾಡಿಗೆ ಕೊಡಬಹುದಾ ಮೇಡಂ? ದಿನಸಿ ಹೇಗೆ? ದೇವಸ್ಥಾನದ ಸೇವೆ?

ತುಂಗಾತೀರ:
ಮಗನಿಗೆ ಬಾಡಿಗೆ ಕೊಡಬಹುದು. ಆದರೆ ಬರವಣಿಗೆಯ ಕರಾರು ಬೇಕು, ಆ ಬೀದಿಯ ದರಕ್ಕೆ ಹೊಂದುವ ಮೊತ್ತ ಬೇಕು, ಮಗ ಅದನ್ನು ತನ್ನ ತೆರಿಗೆಯಲ್ಲಿ ಬಾಡಿಗೆ ಆದಾಯ ಎಂದು ತೋರಿಸಬೇಕು. ಕರಾರಿನ ತಾರೀಖು ಟ್ರಸ್ಟ್‌ಗೆ ಸೇರಿದ ಮರುದಿನದ್ದಾಗಿದ್ದರೆ ಪ್ರಶ್ನೆ ಬರುತ್ತದೆ, ಉತ್ತರ ಸಿದ್ಧವಾಗಿರಲಿ.

ದಿನಸಿಗೆ ಎರಡು ದಾರಿ. ಅವರ ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡು, ಸ್ಟೇಟ್‌ಮೆಂಟ್ ಜೊತೆ ರಸೀದಿ ಕಳುಹಿಸಿದರೆ ಟ್ರಸ್ಟ್ ಕಾರ್ಡ್ ಕಂಪನಿಗೆ ಕಟ್ಟುತ್ತದೆ. ರಸೀದಿ ಐಟಂವಾರು ಇರಬೇಕು. ಜಾಕ್ಸನ್ ಹೈಟ್ಸ್‌ನಲ್ಲಿ ಸೋನಾಮಸೂರಿ ಮೂಟೆ, ರಾಗಿಹಿಟ್ಟು, ತೊಗರಿಬೇಳೆ ಕೊಂಡ ಚೀಟಿಯಲ್ಲಿ ಮೊಮ್ಮಗನ ಚಾಕೊಲೇಟು ಸೇರಿದ್ದರೆ ಅದೊಂದು ಸಾಲು ಹೊಡೆದು ಹಾಕಿ, ಮೊತ್ತ ಕಡಿಮೆ ಮಾಡಿ ಕೇಳಿ. ಥರ್ಮಲ್ ಕಾಗದ ಮಾಸಿಹೋಗುತ್ತದೆ, ಕೊಂಡ ದಿನವೇ ಸ್ಕ್ಯಾನ್ ಮಾಡಿ. ಇನ್ನೊಂದು ದಾರಿ ಟ್ರೂ ಲಿಂಕ್ ಥರದ ನಿಯಂತ್ರಿತ ಪ್ರೀಪೇಯ್ಡ್ ಕಾರ್ಡ್, ಕೆಲವು ಟ್ರಸ್ಟ್‌ಗಳು ಕೊಡುತ್ತವೆ. ಅದರಲ್ಲಿ ಎಟಿಎಂ ನಗದು, ಮದ್ಯದಂಗಡಿ ಎಲ್ಲ ಮೊದಲೇ ಬಂದ್ ಮಾಡಿಡಬಹುದು.

ಮಗಳು ತನ್ನ ಕಾರ್ಡ್‌ನಲ್ಲಿ ಕೊಂಡು ಮರುಪಾವತಿ ಕೇಳುವುದೂ ನಡೆಯುತ್ತದೆ, ಆದರೆ ಅವಳ ಸ್ಟೇಟ್‌ಮೆಂಟ್ ಮತ್ತು ರಸೀದಿ ಎರಡೂ ಬೇಕು. ಹಳೆಯ ಬಿಲ್‌ಗೆ ಹಲವು ಟ್ರಸ್ಟ್‌ಗಳಲ್ಲಿ ಗಡುವಿದೆ. ಟ್ರಸ್ಟ್‌ಗೆ ಸೇರುವ ಮುಂಚಿನ ಖರ್ಚು ಕೇಳುವ ಮೊದಲು ಅವರ ಕೈಪಿಡಿ ಓದಿ.

ಸೇವೆ, ಹುಂಡಿ, ಮೊಮ್ಮಗಳ ಮದುವೆ ಉಡುಗೊರೆ, ಊರಿಗೆ ಕಳುಹಿಸುವ ದುಡ್ಡು, ಇವೆಲ್ಲ ದಾನ ಅಥವಾ ಕೊಡುಗೆ. ಟ್ರಸ್ಟ್‌ನಿಂದ ಆಗುವುದಿಲ್ಲ. ಅವರ ಕೈಯಲ್ಲಿ ಉಳಿಯುವ 1,820 ಡಾಲರ್ ಇದೆಯಲ್ಲ, ಬೌನ್ ಸ್ಟ್ರೀಟ್ ಗಣಪತಿಗೆ ಅದರಿಂದ ಕೊಡಲಿ.

ಎಡಿಸನ್ ಏರಿಯಾ:
ಜರ್ಸಿ ವಿಷಯ ಕೇಳಿದ್ದಕ್ಕೆ. ನ್ಯೂಯಾರ್ಕ್‌ನ ಈ ಉಪಾಯವನ್ನು ಇಲ್ಲಿಗೆ ತರಬೇಡಿ. ಮನೆಯಲ್ಲೇ ದೀರ್ಘಕಾಲದ ಆರೈಕೆ ಕೊಡುವ ಮೆಡಿಕೇಡ್‌ಗೆ ನ್ಯೂಜರ್ಸಿಯಲ್ಲಿ 2025ರ ಆದಾಯ ಮಿತಿ 2,901 ಡಾಲರ್ ಇತ್ತು, ಅಂದರೆ ಎಸ್‌ಎಸ್‌ಐ (ಆದಾಯ ಕಡಿಮೆ ಇರುವ ಹಿರಿಯರು, ಅಂಗವಿಕಲರಿಗೆ ಫೆಡರಲ್ ಸರ್ಕಾರದ ತಿಂಗಳ ನೆರವು) ದರದ ಮೂರು ಪಟ್ಟು. ಒಂದು ಡಾಲರ್ ಮೀರಿದರೂ ಕ್ವಾಲಿಫೈಡ್ ಇನ್‌ಕಮ್ ಟ್ರಸ್ಟ್ ಮಾಡಬೇಕು, ಹಳಬರು ಮಿಲ್ಲರ್ ಟ್ರಸ್ಟ್ ಅನ್ನುತ್ತಾರೆ. 2014ರ ಡಿಸೆಂಬರ್‌ನಿಂದ ಈ ವ್ಯವಸ್ಥೆ. ಅದು ನಿಮ್ಮ ಬ್ಯಾಂಕ್‌ನಲ್ಲೇ ತೆರೆಯುವ ಒಂದು ಪ್ರತ್ಯೇಕ ಖಾತೆ. ಲಾಭರಹಿತ ಸಂಸ್ಥೆ ಬೇಕಿಲ್ಲ, ಅಂಗವೈಕಲ್ಯದ ಹೊಸ ಫೈಲು ಬೇಕಿಲ್ಲ. ಆದರೆ ಅದರ ಹಣ ಏನಕ್ಕೆ ಹೋಗಬೇಕು ಎಂಬುದನ್ನು ರಾಜ್ಯವೇ ಸರದಿ ಪ್ರಕಾರ ನಿಗದಿ ಮಾಡಿದೆ. ಖಾತೆಯಲ್ಲಿ ಬೇರೆ ಮೂಲದ ಒಂದು ಡಾಲರ್ ಬೆರೆತರೂ ತೊಂದರೆ. ಜರ್ಸಿಯಲ್ಲಿ ಪೂಲ್ಡ್ ಟ್ರಸ್ಟ್ ಉಪಯೋಗಕ್ಕೆ ಬರುವುದು ಗಂಟಿನ ಹಣ ಬಂದಾಗ.

ಮಳೆಬಿಲ್ಲು:
ಊರಿನ ಪಿಂಚಣಿ ಇರುವವರ ಲೆಕ್ಕ ಹೇಗೆ? ಕರ್ನಾಟಕ ಸರ್ಕಾರದ ಪಿಂಚಣಿ ಮೈಸೂರಿನ ಬ್ಯಾಂಕ್‌ಗೇ ಬೀಳುತ್ತದೆ, ಇಲ್ಲಿ ಗ್ರೀನ್ ಕಾರ್ಡ್ ಮೇಲೆ ಇದ್ದಾರೆ ಎಂದಿಟ್ಟುಕೊಳ್ಳಿ.

ಲೆಕ್ಕದ ಶಾನುಭೋಗ:
ಎಲ್ಲಿ ಬಿದ್ದರೂ ಆದಾಯ ಆದಾಯವೇ. ₹42,000 ಪಿಂಚಣಿ, ಡಾಲರ್‌ಗೆ ₹84 ಎಂದು ಹಿಡಿದರೆ 500 ಡಾಲರ್. ಬೇರೆ ಆದಾಯ ಇಲ್ಲದಿದ್ದರೆ 1,800ರ ಹತ್ತಿರವೂ ಬರುವುದಿಲ್ಲ, ಸರ್‌ಪ್ಲಸ್ಸೇ ಇಲ್ಲ, ಟ್ರಸ್ಟ್ ಯಾಕೆ? ಯಾರೋ ಮಾಡಿಸಿದರು ಎಂದು ನೀವೂ ಮಾಡಿಸಿ ತಿಂಗಳ ಶುಲ್ಕ ಕಟ್ಟಬೇಡಿ. ಈ ಟ್ರಸ್ಟ್ ಬೇಕಾಗುವುದು 70, 80ರ ದಶಕದಲ್ಲಿ ಬಂದು ಇಲ್ಲೇ ದುಡಿದು ಒಳ್ಳೆ ಸೋಶಿಯಲ್ ಸೆಕ್ಯುರಿಟಿ ಪಡೆಯುವವರಿಗೆ, ಅಥವಾ ಎರಡೂ ಕಡೆಯ ಪಿಂಚಣಿ ಸೇರಿ ಗೆರೆ ದಾಟುವವರಿಗೆ.

ಊರಿನ ತೊಡಕು ಆದಾಯಕ್ಕಿಂತ ಆಸ್ತಿಯಲ್ಲಿ. ಎನ್‌ಆರ್‌ಒ ಖಾತೆಯ ₹30 ಲಕ್ಷ ಎಫ್‌ಡಿ ಅಂದರೆ ಇದೇ ದರದಲ್ಲಿ 35,714 ಡಾಲರ್, ಗೆರೆ ದಾಟಿತು. ತುಮಕೂರಿನ ಖಾಲಿ ಸೈಟೂ ಆಸ್ತಿಯೇ. "ಅವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವವರಿಗೆ ಒಂದು ಮಾತು: ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು. ಒಂದು ಸರ್ಕಾರಿ ಕಾಗದದಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂದು ಮಾಡಿಕೊಳ್ಳಬೇಡಿ. ಮೆಡಿಕೇಡ್ ಅರ್ಜಿಯಲ್ಲಿ ಮುಚ್ಚಿಟ್ಟರೆ ಆಮೇಲೆ ಕೊಟ್ಟಷ್ಟೂ ವಾಪಸ್ ಕೇಳಬಹುದು.

ಕರಡು ಪ್ರತಿ:
ಮೂರು ಕಾನೂನಿನ ಮಾತು, ಕೇಳಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಸಹಿ ಯಾರದು? ಹಿರಿಯರಿಗೆ ತಿಳಿವಳಿಕೆ ಇದ್ದರೆ ಅವರೇ ಜಾಯಿಂಡರ್‌ಗೆ ಸಹಿ ಮಾಡಬೇಕು. ಮರೆವಿನ ಕಾಯಿಲೆ ಶುರುವಾಗಿದ್ದರೆ ಪವರ್ ಆಫ್ ಅಟಾರ್ನಿ ಬೇಕು, ಅದನ್ನು ತಿಳಿವಳಿಕೆ ಇದ್ದಾಗಲೇ ಮಾಡಿಸಿರಬೇಕು. ನ್ಯೂಯಾರ್ಕ್‌ನ ನಮೂನೆ 2021ರ ಜೂನ್ 13ರಿಂದ ಬದಲಾಗಿದೆ: ನೋಟರಿ ಮತ್ತು ಇಬ್ಬರು ಸಾಕ್ಷಿ ಬೇಕು, ನೋಟರಿಯೇ ಒಬ್ಬ ಸಾಕ್ಷಿಯಾಗಬಹುದು. ಟ್ರಸ್ಟ್ ಮಾಡುವ, ಅದಕ್ಕೆ ಹಣ ಹಾಕುವ ಅಧಿಕಾರವನ್ನು ಅದರಲ್ಲಿ ಬಿಡಿಸಿ ಬರೆಸಿ. ಬೆಂಗಳೂರಿನಲ್ಲಿ ಛಾಪಾಕಾಗದದ ಮೇಲೆ ಮಾಡಿಸಿದ ಜಿಪಿಎ ತಂದು ಇಲ್ಲಿ ಚಲಾಯಿಸಲು ಹೊರಟರೆ ಟ್ರಸ್ಟ್‌ನವರೂ ಬ್ಯಾಂಕ್‌ನವರೂ ತಲೆ ಕೆರೆದುಕೊಳ್ಳುತ್ತಾರೆ. ಪವರೂ ಇಲ್ಲ, ತಿಳಿವಳಿಕೆಯೂ ಇಲ್ಲ ಎಂದಾದರೆ ಉಳಿಯುವುದು ಆರ್ಟಿಕಲ್ 81 ಗಾರ್ಡಿಯನ್‌ಶಿಪ್, ಅಂದರೆ ಕೋರ್ಟೇ ಪೋಷಕರನ್ನು ನೇಮಿಸುವುದು. ಕೋರ್ಟು, ವಕೀಲರ ಶುಲ್ಕ, ತಿಂಗಳುಗಳು.

ಗಂಡ ಹೆಂಡತಿ ಇಬ್ಬರಿದ್ದು ಒಬ್ಬರಿಗೆ ಮಾತ್ರ ಮನೆ ಆರೈಕೆ ಬೇಕಿದ್ದರೆ ಟ್ರಸ್ಟ್‌ಗೆ ಮೊದಲು ಸಂಗಾತಿ ರಕ್ಷಣೆಯ ನಿಯಮ ನೋಡಿ. ಮ್ಯಾನೇಜ್ಡ್ ಲಾಂಗ್ ಟರ್ಮ್ ಕೇರ್ ಪ್ಲಾನ್‌ನಲ್ಲಿರುವವರ (ಮೆಡಿಕೇಡ್ ಪರವಾಗಿ ಮನೆ ಆರೈಕೆ ನಡೆಸುವ ವಿಮಾ ಪ್ಲಾನ್) ಸಂಗಾತಿಗೆ 2025ರಲ್ಲಿ ತಿಂಗಳಿಗೆ 3,948 ಡಾಲರ್‌ವರೆಗೆ ಆದಾಯ ಉಳಿಸಿಕೊಳ್ಳಲು ಅವಕಾಶ ಇತ್ತು. ಹೆಂಡತಿಗೆ ಸ್ವಂತ ಆದಾಯ ಕಡಿಮೆ ಇದ್ದರೆ ಗಂಡನ ಸರ್‌ಪ್ಲಸ್ ಅಲ್ಲೇ ಕರಗಬಹುದು. ಕಚೇರಿಯವರು ತಾವಾಗಿ ಹೀಗೆ ಲೆಕ್ಕ ಹಾಕಿಕೊಡುತ್ತಾರೆ ಎಂದು ನಂಬಿ ಕೂರಬೇಡಿ, ಬರೆದು ಕೇಳಬೇಕು.

ಮೂರನೆಯದು, ಸಾವಿನ ನಂತರ. ಖಾತೆಯಲ್ಲಿ ಉಳಿದದ್ದು ಮಕ್ಕಳಿಗೆ ಬರುವುದಿಲ್ಲ. ಸಂಸ್ಥೆ ಉಳಿಸಿಕೊಳ್ಳುತ್ತದೆ, ಉಳಿಸಿಕೊಳ್ಳದ ಭಾಗ ಇದ್ದರೆ ಮೆಡಿಕೇಡ್ ಖರ್ಚು ಮಾಡಿದಷ್ಟು ರಾಜ್ಯಕ್ಕೆ. ಇದಕ್ಕೇ ಸರ್‌ಪ್ಲಸ್ ಹಣವನ್ನು ಅಲ್ಲಿ ಗುಡ್ಡೆ ಹಾಕಬಾರದು. ತಿಂಗಳು ಹಾಕಿದ್ದು ತಿಂಗಳೇ ಖರ್ಚಾಗಲಿ.

ಮಳೆಬಿಲ್ಲು:
ಹಾಗಾದರೆ ಅಂತ್ಯಸಂಸ್ಕಾರದ ಖರ್ಚು ಆ ಖಾತೆಯಿಂದ ಆಗುವುದಿಲ್ಲವೇ?

ಕರಡು ಪ್ರತಿ:
ಹೋದ ಮೇಲೆ ಆಗುವುದಿಲ್ಲ. ಇರುವಾಗಲೇ ಆಗುತ್ತದೆ. ಫ್ಯೂನರಲ್ ಹೋಮ್ ಜೊತೆ ಮುಂಗಡ ಒಪ್ಪಂದ ಮಾಡಿಕೊಂಡು ಟ್ರಸ್ಟ್‌ನಿಂದ ಕಂತು ಕಂತಾಗಿ ಕಟ್ಟಿಸಬಹುದು. ಮೆಡಿಕೇಡ್ ಪಡೆಯುವವರ ಒಪ್ಪಂದ ನ್ಯೂಯಾರ್ಕ್‌ನಲ್ಲಿ ಹಿಂತೆಗೆಯಲಾಗದ ಬಗೆಯದ್ದೇ ಆಗಿರಬೇಕು. ನಮ್ಮವರು ಮರೆಯುವುದು ಒಪ್ಪಂದದ ಒಳಗಿನ ಪಟ್ಟಿಯನ್ನು. ದಹನ, ದಹನಕ್ಕೆ ಮುಂಚೆ ಶಾಸ್ತ್ರ ಮಾಡಲು ಜಾಗ ಮತ್ತು ಸಮಯ, ಅಸ್ಥಿಯನ್ನು ವಿಮಾನದಲ್ಲಿ ಒಯ್ಯಲು ಬೇಕಾದ ಕಾಗದ, ಮರಣ ಪ್ರಮಾಣಪತ್ರದ ಹೆಚ್ಚುವರಿ ಪ್ರತಿಗಳು, ಇದನ್ನೆಲ್ಲ ಸಾಲು ಸಾಲಾಗಿ ಬರೆಸಿ. ಬರೆಸದೆ ಬಿಟ್ಟರೆ ಅವರ ಮಾಮೂಲಿ ಪ್ಯಾಕೇಜು ಬರುತ್ತದೆ, ಉಳಿದದ್ದು ಮಕ್ಕಳ ಜೇಬಿನಿಂದ.

ರಾಗಿಮುದ್ದೆ:
ಟ್ರಸ್ಟ್ ಮಂಜೂರಾಗುವವರೆಗಿನ ತಿಂಗಳುಗಳಲ್ಲಿ ಪ್ಲಾನ್‌ನವರು ಸರ್‌ಪ್ಲಸ್ ಬಿಲ್ ಕಳುಹಿಸುತ್ತಲೇ ಇರುತ್ತಾರಲ್ಲ? ಅದನ್ನೂ ಕಟ್ಟಿ ಟ್ರಸ್ಟ್‌ಗೂ ಹಾಕಿದರೆ 1,400 ಆಯಿತು.

ಫ್ಲಶಿಂಗ್ ಫೈಲು:
ಎಲ್ಲರಿಗೂ ಉಸಿರು ಕಟ್ಟುವ ಜಾಗ ಇದು. ಠೇವಣಿಯ ಪುರಾವೆ ಇಲ್ಲದೆ ಟ್ರಸ್ಟ್ ಫೈಲು ಮುಂದೆ ಹೋಗುವುದಿಲ್ಲ, ಆದ್ದರಿಂದ ಟ್ರಸ್ಟ್‌ಗೆ ಹಾಕುವುದನ್ನು ನಿಲ್ಲಿಸಬೇಡಿ. ಟ್ರಸ್ಟ್‌ನಿಂದ ಬಾಡಿಗೆ ಕಟ್ಟಿಸಿಕೊಳ್ಳುವುದನ್ನೂ ಮೊದಲ ತಿಂಗಳಿಂದಲೇ ಶುರು ಮಾಡಿ, ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಪ್ಲಾನ್‌ನವರಿಗೆ ಜಾಯಿಂಡರ್ ಪ್ರತಿ, ಸಲ್ಲಿಸಿದ ತಾರೀಖಿನ ಫ್ಯಾಕ್ಸ್ ರಸೀದಿ ಕಳುಹಿಸಿ, ವಸೂಲಿ ತಡೆಹಿಡಿಯಿರಿ ಎಂದು ಬರವಣಿಗೆಯಲ್ಲಿ ಕೇಳಿ. ಫೋನ್‌ನಲ್ಲಿ ಹ್ಞೂಂ ಅಂದದ್ದು ಲೆಕ್ಕಕ್ಕಿಲ್ಲ. ಬಾಕಿಗಾಗಿ ಪ್ಲಾನ್‌ನಿಂದ ತೆಗೆಯುತ್ತೇವೆ ಎಂಬ ನೋಟಿಸ್ ಬಂದರೆ ಅದನ್ನು ಫ್ರಿಜ್ ಮೇಲೆ ಇಟ್ಟು ಮರೆಯಬೇಡಿ.

ಕವರಿಂಗ್ ಪತ್ರದಲ್ಲಿ ಒಂದು ಸಾಲು ಬಿಡಬೇಡಿ: ಮೊದಲ ಠೇವಣಿಯ ತಿಂಗಳಿಂದಲೇ ಬಜೆಟ್ ಮರುಲೆಕ್ಕ ಹಾಕಿ ಎಂದು. ಅದಿಲ್ಲದಿದ್ದರೆ ಮಂಜೂರಾದ ತಿಂಗಳಿಂದ ಮಾತ್ರ ಸರಿಪಡಿಸಿ ಹಿಂದಿನ ಬಾಕಿ ಹಾಗೇ ಬಿಟ್ಟುಬಿಡುವ ಅಪಾಯ ಇದೆ. ತಪ್ಪು ಲೆಕ್ಕದ ನೋಟಿಸ್ ಬಂದರೆ 60 ದಿನದೊಳಗೆ ಫೇರ್ ಹಿಯರಿಂಗ್ (ರಾಜ್ಯದ ಮುಂದೆ ಮೇಲ್ಮನವಿ ವಿಚಾರಣೆ) ಕೇಳಬಹುದು. ಇರುವ ಸೌಲಭ್ಯ ಕಡಿತದ ನೋಟಿಸ್ ಆಗಿದ್ದರೆ ಅದು ಜಾರಿಯಾಗುವ ತಾರೀಖಿಗೆ ಮುಂಚೆಯೇ ಕೇಳಿ, ಆಗ ತೀರ್ಪಿನವರೆಗೆ ಹಳೆಯ ಸೌಲಭ್ಯ ಮುಂದುವರಿಯುತ್ತದೆ.

ಎಡಿಸನ್ ಏರಿಯಾ:
ನರ್ಸಿಂಗ್ ಹೋಮ್‌ಗೆ ಹೋದರೆ?

ಫ್ಲಶಿಂಗ್ ಫೈಲು:
ಕೆಲವು ವಾರದ ರಿಹ್ಯಾಬ್ ಆದರೆ ಗಾಬರಿ ಬೇಡ. ಶಾಶ್ವತವಾಗಿ ಅಲ್ಲೇ ಎಂದಾದರೆ ಲೆಕ್ಕದ ಪದ್ಧತಿಯೇ ಬದಲಾಗುತ್ತದೆ. ಕೈಗೆ 50 ಡಾಲರ್ ಬಿಟ್ಟು, ಕಂತು ಇತ್ಯಾದಿ ಕಳೆದು ಉಳಿದ ಆದಾಯವೆಲ್ಲ ನರ್ಸಿಂಗ್ ಹೋಮ್‌ಗೆ. ಟ್ರಸ್ಟ್‌ಗೆ ಹಾಕಿದರೂ ಅದು ಕಳೆಯುವುದಿಲ್ಲ. ಆಟೊ ಡೆಬಿಟ್ ನಿಲ್ಲಿಸಲು ಮರೆತವರು ಎರಡೂ ಕಡೆ ಕಟ್ಟುತ್ತಾರೆ. 65 ದಾಟಿದವರು ಗಂಟಿನ ಹಣ ಟ್ರಸ್ಟ್‌ಗೆ ಹಾಕಿದ್ದರೆ ನರ್ಸಿಂಗ್ ಹೋಮ್ ಅರ್ಜಿಯಲ್ಲಿ ಅದನ್ನು ವರ್ಗಾವಣೆ ಎಂದು ಎಣಿಸಿ ದಂಡದ ಅವಧಿ ಹಾಕಬಹುದು. ಮನೆ ಆರೈಕೆಗೂ 30 ತಿಂಗಳ ಹಿನ್ನೋಟ (ಹಿಂದೆ ಮಾಡಿದ ವರ್ಗಾವಣೆಗಳ ತಪಾಸಣೆ) ತರುವ ಕಾನೂನು 2020ರಲ್ಲೇ ಆಗಿದೆ, ಜಾರಿಯನ್ನು ಮತ್ತೆ ಮತ್ತೆ ಮುಂದೂಡಿದ್ದಾರೆ. ದೊಡ್ಡ ಮೊತ್ತ ಹಾಕುವವರು ಆ ವಾರದ ಸ್ಥಿತಿ ಏನೆಂದು ವಕೀಲರನ್ನು ಕೇಳಿಯೇ ಹಾಕಿ.

ಕರಡು ಪ್ರತಿ:
ಗಂಟಿನ ಹಣ ಎಂದಾಗ ಊರಿನ ಪಾಲು ನೆನಪಾಯಿತು. ಇಲ್ಲಿ ಅಂಗವೈಕಲ್ಯದ ಸೌಲಭ್ಯ ಪಡೆಯುವ, 65ರ ಒಳಗಿನ ಮಗನಿಗೆ ಹಾಸನದ ಅಜ್ಜ ಉಯಿಲಿನಲ್ಲಿ ನೇರವಾಗಿ ಪಾಲು ಬರೆದರೆ, ಹಣ ಬಂದ ತಿಂಗಳು ಎಸ್‌ಎಸ್‌ಐಗೆ ಆದಾಯ, ಮುಂದಿನ ತಿಂಗಳು ಆಸ್ತಿ. ಆಮೇಲೆ ಪೂಲ್ಡ್ ಟ್ರಸ್ಟ್‌ಗೆ ಹಾಕಬಹುದು, ಆದರೆ ಅದು ಅವನದೇ ಹಣದ ಟ್ರಸ್ಟ್, ರಾಜ್ಯದ ಹಕ್ಕು ಬೆನ್ನಿಗಿರುತ್ತದೆ. ಅಜ್ಜ ಅದೇ ಪಾಲನ್ನು ಮೂರನೆಯವರು ಮಾಡುವ ಸಪ್ಲಿಮೆಂಟಲ್ ನೀಡ್ಸ್ ಟ್ರಸ್ಟ್‌ಗೆ ಬರೆದರೆ ಆ ಹಕ್ಕು ಇಲ್ಲ, ಉಳಿದದ್ದು ಅಣ್ಣ ತಮ್ಮಂದಿರಿಗೆ ಹೋಗಬಹುದು. ಉಯಿಲಿನ ಒಂದು ವಾಕ್ಯದ ವ್ಯತ್ಯಾಸ ಇದು. ವಿದೇಶದಿಂದ ವರ್ಷಕ್ಕೆ 100,000 ಡಾಲರ್ ಮೀರಿ ಪಾಲು ಅಥವಾ ಉಡುಗೊರೆ ಬಂದರೆ ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ಫಾರ್ಮ್ 3520 ಕೊಡಬೇಕು. ತೆರಿಗೆ ಇಲ್ಲದಿದ್ದರೂ, ಕೊಡದಿದ್ದರೆ ದಂಡ ಇದೆ.

ಎಸ್‌ಎಸ್‌ಐ ಇರುವವರಿಗೆ ಇನ್ನೊಂದು: ಅವರ ಬಾಡಿಗೆಯನ್ನು ಟ್ರಸ್ಟ್ ಕಟ್ಟಿದರೆ ಎಸ್‌ಎಸ್‌ಐ ಕಡಿಮೆಯಾಗುತ್ತದೆ, 2025ರಲ್ಲಿ ಹೆಚ್ಚೆಂದರೆ 342.33 ಡಾಲರ್ ಎಂದು ಎಣಿಸುತ್ತಿದ್ದರು. 2024ರ ಸೆಪ್ಟೆಂಬರ್ 30ರಿಂದ ಊಟ, ದಿನಸಿ ಆ ಲೆಕ್ಕದಿಂದ ಹೊರಗೆ ಬಂದಿದೆ. ಆದ್ದರಿಂದ ಅವರ ಟ್ರಸ್ಟ್‌ನಿಂದ ದಿನಸಿ, ಫೋನು, ಬಟ್ಟೆ ಕಟ್ಟಿಸಿ, ಬಾಡಿಗೆಯನ್ನು ಎಸ್‌ಎಸ್‌ಐ ಹಣದಿಂದಲೇ ಕೊಡುವುದು ಲೇಸು. ಮೇಲೆ ತುಂಗಾತೀರ ಮೇಡಂ ಹೇಳಿದ ಬಾಡಿಗೆಯ ಸಲಹೆ ಮೆಡಿಕೇಡ್ ಮಾತ್ರ ಇರುವವರಿಗೆ. ಬೆರೆಸಿಕೊಳ್ಳಬೇಡಿ.

ಲೆಕ್ಕದ ಶಾನುಭೋಗ:
ವರ್ಷಾಂತ್ಯದ ಕೆಲಸ ಒಂದು ಬಾಕಿ ಇದೆ. 2026ಕ್ಕೆ ಸೋಶಿಯಲ್ ಸೆಕ್ಯುರಿಟಿ ಶೇ 2.8 ಏರಿದೆ, 2,640 ಇದ್ದವರಿಗೆ ಸುಮಾರು 74 ಹೆಚ್ಚು. ಪಾರ್ಟ್ ಬಿ 185ರಿಂದ 202.90. ಮೆಡಿಕೇಡ್ ಗೆರೆಯೂ ಪ್ರತಿ ವರ್ಷ ಬದಲಾಗುತ್ತದೆ. ಅಂದರೆ ಸರ್‌ಪ್ಲಸ್ ಅದೇ 700 ಆಗಿ ಉಳಿಯುವುದಿಲ್ಲ. ಹೊಸ ಬಜೆಟ್ ನೋಟಿಸ್‌ನಲ್ಲಿ 719 ಎಂದು ಬಂದು, ಆಟೊ ಡೆಬಿಟ್ 700ರಲ್ಲೇ ಓಡುತ್ತಿದ್ದರೆ ಪ್ರತಿ ತಿಂಗಳು 19 ಡಾಲರ್ ಕೊರತೆ, ಪ್ಲಾನ್‌ನವರು ಅದನ್ನು ಬಿಲ್ ಮಾಡುತ್ತಾರೆ. ನೋಟಿಸ್‌ನ ಲೆಕ್ಕವನ್ನು ಒಮ್ಮೆ ನೀವೇ ಕೂಡಿ ಕಳೆಯಿರಿ, ಮೆಡಿಗ್ಯಾಪ್‌ನ ಹೊಸ ಕಂತು ಕಳೆದಿದ್ದಾರಾ ನೋಡಿ. ಅದು ಏರಿದ್ದನ್ನು ನೀವು ತಿಳಿಸದೆ ಅವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಟ್ರಸ್ಟ್‌ನ ಡೆಬಿಟ್ ಬದಲಾವಣೆ ಫಾರ್ಮ್ ಕಳುಹಿಸಿ. ಅದು ಜಾರಿಗೆ ಬರಲು ಸಮಯ ಹಿಡಿಯುತ್ತದೆ, ಮಧ್ಯದ ತಿಂಗಳಿಗೆ 19 ಡಾಲರ್‌ನ ಬೇರೆ ಚೆಕ್ ಹಾಕಿ, ಮೆಮೊದಲ್ಲಿ ಯಾವ ತಿಂಗಳದ್ದು ಎಂದು ಬರೆಯಿರಿ.

ರಾಗಿಮುದ್ದೆ:
ಆ ಚೆಕ್ 20ರೊಳಗೆ ಅಂಚೆಗೆ ಬಿದ್ದರೆ ಸಾಕಾ?

ಲೆಕ್ಕದ ಶಾನುಭೋಗ:
15 ಇಟ್ಟುಕೊಳ್ಳಿ. ಫೆಬ್ರುವರಿಯಲ್ಲಿ 12.